ಬಾದಾಮಿಯ ಹೆಸರು ಬರೆದಿಟ್ಟ ಬಂದರು

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ನುಡಿ. ಸಂಸಾರದ ನೊಗವನ್ನು ಹೊತ್ತವರಿಗೆ ದೇಶ ಸುತ್ತುವ ಯೋಗವು ಒದಗುವದು ಅಪರೂಪ. ಬಾಗಲಕೋಟೆಯ ಅಂಗಡಿಕಾರನಿಗಾಗಲಿ, ಇಲಕಲ್ಲಿನ ನೇಕಾರನಿಗಾಗಲಿ, ಹುನಗುಂದದ ಒಕ್ಕಲಿಗನಿಗಾಗಲಿ ಮದುವೆ, ಬಾಣಂತನ, ಸುಗ್ಗಿ ಇವುಗಳ ನಡುವೆ ಸಮುದ್ರ ದಾಟಲು ಪುರಸೊತ್ತೆಲ್ಲಿಯದು? ಆದುದರಿಂದ ನೋಡಿ ಬಂದವರ ಬರಹಗಳ ಬೆನ್ನು ಹಿಡಿದು, ಮನೆಯ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಒಂದು ದೂರದ ಬಂದರನ್ನು ನೋಡಿ ಬರೋಣ. ಅದು ಆಫ್ರಿಕಾ ಖಂಡದ ಬಡಗಣ ಅಂಚಿನಲ್ಲಿ, ಈಜಿಪ್ತ ದೇಶದಲ್ಲಿ, ನೈಲ ನದಿಯು ಕವಲೊಡೆದು ಸಮುದ್ರ ಸೇರುವ ಸೀಮೆಯ ಪಡುವಣ ಮಗ್ಗುಲಿಗಿರುವ ಅಲೆಕ್ಸಾಂಡ್ರಿಯಾ ಪಟ್ಟಣವು.

ಬಂದರುಗಳು ಸಾವಿರವಿರುವಾಗ ಇದನ್ನೇ ಏಕೆ ಆರಿಸಿದಿರೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವುಂಟು. ಕ್ರಿ. ಶ. ೧೫೦ರ ಸುಮಾರಿನಲ್ಲಿ ಆ ಪಟ್ಟಣದಲ್ಲಿ ಟಾಲೆಮಿಯೆಂಬ ಖಗೋಲಶಾಸ್ತ್ರಜ್ಞನು ತನ್ನ ಕಾಲಕ್ಕೆ ತಿಳಿದಿದ್ದ ಭೂಮಂಡಲವನ್ನೆಲ್ಲ ಒಂದು ಗ್ರಂಥದಲ್ಲಿ ಅಡಕಮಾಡಿದನು. ಅದರ ಏಳನೆಯ ಭಾಗದಲ್ಲಿ ನಮ್ಮ ದೇಶದ ಊರುಗಳ ಯಾದಿಯು ಬಂದಿರುವದು. ಆ ಯಾದಿಯಲ್ಲಿಯ ‘ಬದಿಯಮಾಯೋಯಿ’ಯು ನಮ್ಮ ಬಾದಾಮಿಯೆಂದೂ, ‘ಪೆತಿರ್ಗಾಲ’ವು ಪಟ್ಟದಕಲ್ಲೆಂದೂ, ‘ಮೊದೊಗುಲ್ಲ’ವು ಇಲಕಲ್ಲಿನ ಮೂಡಲಿಗಿರುವ ಮುದಗಲ್ಲೆಂದೂ, ‘ಬನೌಸೆಯಿ’ಯು ಬನವಾಸಿಯೆಂದೂ ವಿದ್ವಾಂಸರು ಗುರುತಿಸಿರುವರು. ಚಾಲುಕ್ಯರ ಮೊದಲನೆಯ ಪುಲಿಕೇಶಿಯು ಬಾದಾಮಿಯ ಗುಡ್ಡಕ್ಕೆ ಕೋಟೆ ಕಟ್ಟಿಸಿದ್ದು ೫೪೩ರಲ್ಲಿ. ಆ ಅರಸನು ಹುಟ್ಟುವದಕ್ಕೆ ಮೂರು ನೂರು ವರುಷಕ್ಕೂ ಮೊದಲೇ ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಆ ಊರಿನ ಹೆಸರು ಬರಹಕ್ಕೆ ಇಳಿದಿತ್ತೆಂದ ಹಾಗಾಯಿತು!

ಟಾಲೆಮಿಗೆ ಈ ಹೆಸರುಗಳನ್ನು ತಿಳಿಸಿದವರು ಯಾರು? ಹಡಗಿನಲ್ಲಿ ನಮ್ಮ ಕಡೆಗೆ ಬಂದು, ಇಲ್ಲಿಯ ಊರುಗಳಲ್ಲಿ ಬಹುಕಾಲ ಓಡಾಡಿದವರ ಬಾಯಿಂದ ಕೇಳಿ ತಿಳಿದುಕೊಂಡೆನೆಂದು ಗ್ರಂಥದ ಮೊದಲ ಭಾಗದಲ್ಲಿ ಅವನೇ ಹೇಳಿರುವನು. ಎಂದರೆ, ಹೇರೆತ್ತುಗಳ ಕೊರಳ ಗಂಟೆಯ ಸದ್ದಿನೊಡನೆ ಮಲಪ್ರಭೆಯ ಸೀಮೆಯಿಂದ ಘಟ್ಟವಿಳಿದ ಮಾತು ಕರಾವಳಿಯಲ್ಲಿ ಹಡಗು ಹತ್ತಿ, ಕೆಂಪು ಸಮುದ್ರ ದಾಟಿ, ಅಲೆಕ್ಸಾಂಡ್ರಿಯಾದ ಒಂದು ಓಣಿಯಲ್ಲಿ ಒಬ್ಬ ಪಂಡಿತನ ಕಿವಿಗೆ ಬಿದ್ದಿರಬೇಕು. ಆ ವರ್ತಕನ ಹೆಸರು ಉಳಿಯಲಿಲ್ಲ. ಅವನು ಹೇಳಿದ ಊರಿನ ಹೆಸರು ಉಳಿಯಿತು.

ಆ ಕಾಲದ ದಾರಿಯನ್ನು ನೆನೆದರೆ ಇಂದಿನ ಪ್ರಯಾಣವು ಮಕ್ಕಳ ಆಟವೆನ್ನಿಸುವದು. ಈಜಿಪ್ತಿನಿಂದ ಹೊರಡುವ ಹಡಗುಗಳು ಜುಲೈ ತಿಂಗಳಲ್ಲಿ ಮುಂಗಾರಿನ ಗಾಳಿಯನ್ನು ನೆಚ್ಚಿ ಲಂಗರು ಎತ್ತುತ್ತಿದ್ದವು. ಕೆಂಪು ಸಮುದ್ರದ ಬಾಯಿಯಿಂದ ಮಲೆಯಾಳದ ಮುಜಿರಿಸ್ ಬಂದರಿಗೆ ೪೦ ದಿನಗಳ ದಾರಿಯೆಂದು ರೋಮದ ಪ್ಲಿನಿಯು ಬರೆದಿರುವನು. ಮರಳುವಾಗ ಚಳಿಗಾಲದ ಮೂಡಗಾಳಿಯೇ ಗತಿ. ತಂದ ಸರಕನ್ನು ಬೆರೆನಿಕೆಯೆಂಬ ಬಂದರಿನಲ್ಲಿಳಿಸಿ, ಒಂಟೆಗಳ ಮೇಲೆ ಹೇರಿ, ೧೨ ದಿನ ಮರಳುಗಾಡಿನಲ್ಲಿ ನಡೆದು ನೈಲ ನದಿಯನ್ನು ಮುಟ್ಟಬೇಕು. ಅಲ್ಲಿಂದ ದೋಣಿಯಲ್ಲಿ ನದಿಯಗುಂಟ ಇಳಿದು ಅಲೆಕ್ಸಾಂಡ್ರಿಯಾ. ಅಲ್ಲಿ ರಾಜಮುದ್ರೆಯೊತ್ತಿದ ಚೀಲಗಳನ್ನು ವಖಾರಿಗೆ ಹೊಗಿಸಿ, ಸರಕಿನ ನಾಲ್ಕನೆಯ ಒಂದು ಪಾಲನ್ನು ಜಕಾತಿಯೆಂದು ಕೊಡಬೇಕಾಗಿತ್ತು. ಎರಡನೆಯ ಶತಮಾನದ ಒಂದು ಕರಾರುಪತ್ರವು ಈಜಿಪ್ತಿನ ಒಣ ನೆಲದಲ್ಲಿ ಕೆಡದೆ ಉಳಿದು, ಈ ವ್ಯವಹಾರಕ್ಕೆ ಇಂದಿಗೂ ಸಾಕ್ಷಿ ನುಡಿಯುತ್ತಿದೆ. ಇಷ್ಟು ಜಕಾತಿ ತೆತ್ತೂ ಲಾಭವಾಗುತ್ತಿತ್ತೆಂದರೆ, ನಮ್ಮ ಮೆಣಸಿಗೂ ಅರಿವೆಗೂ ಹರಳಿಗೂ ಅಲ್ಲಿ ಎಂಥ ಬೆಲೆಯಿದ್ದಿರಬೇಕೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.

ಇನ್ನು ಪಟ್ಟಣದೊಳಕ್ಕೆ ಕಾಲಿಡೋಣ. ಕ್ರಿಸ್ತ ಪೂರ್ವ ೩೩೧ರಲ್ಲಿ ಅಲೆಕ್ಸಾಂಡರನು ಇದಕ್ಕೆ ಅಡಿಗಲ್ಲು ಹಾಕಿದನು. ಗ್ರೀಕರ ಪ್ಲೂಟಾರ್ಕನು ಹೇಳುವ ಕಥೆಯೊಂದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹಿಡಿಸುವಂತಹದು. ಬೀದಿಗಳ ಗೆರೆಯೆಳೆಯಲು ಸುಣ್ಣ ಸಿಕ್ಕದೆ ಹೋದುದರಿಂದ ಜವೆಗೋದಿಯ ಹಿಟ್ಟಿನಿಂದಲೇ ನೆಲದ ಮೇಲೆ ಪಟ್ಟಣದ ನಕಾಶೆಯನ್ನು ಹಾಕಿದರಂತೆ. ಅಷ್ಟರಲ್ಲಿ ಹಕ್ಕಿಗಳ ಹಿಂಡು ಬಂದು ಆ ರಂಗೋಲಿಯನ್ನೆಲ್ಲ ತಿಂದುಬಿಟ್ಟಿತು. ಅಪಶಕುನವಾಯಿತೆಂದು ಅರಸನು ಕಳವಳಗೊಂಡಾಗ, ‘ಈ ಊರು ನಾನಾ ದೇಶದ ಜನರಿಗೆ ಅನ್ನವಿಕ್ಕುವದು’ ಎಂದು ಶಕುನಿಗರು ಸಮಾಧಾನ ಹೇಳಿದರಂತೆ. ಕಥೆಯು ಹೇಗೇ ಇರಲಿ, ಮಾತು ಮಾತ್ರ ನಿಜವಾಯಿತು.

ಕ್ರಿ. ಪೂ. ೨೫ರ ಸುಮಾರಿನಲ್ಲಿ ಅಲ್ಲಿ ಕೆಲಕಾಲ ನಿಂತ ಸ್ಟ್ರಾಬೋ ಎಂಬ ಪ್ರವಾಸಿಕನು ಪಟ್ಟಣವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿರುವನು. ಅವನಿಗೆ ಊರಿನ ಆಕಾರವು ಹೆಗಲ ಮೇಲೆ ಹೊದೆಯುವ ಶಲ್ಯದಂತೆ ಕಂಡಿತು: ಉದ್ದ ಸುಮಾರು ಮೂರೂವರೆ ಮೈಲು, ಅಗಲ ಒಂದು ಮೈಲಿಗಿಂತ ಕಡಿಮೆ, ಎರಡು ಮಗ್ಗುಲಿಗೂ ನೀರು. ಬಡಗಣಕ್ಕೆ ಸಮುದ್ರ, ತೆಂಕಣಕ್ಕೆ ಮರಿಯೋಟಿಸ್ ಕೆರೆ. ನೂರು ಅಡಿಗಳಿಗೂ ಮಿಕ್ಕಿ ಅಗಲವಾದ ಎರಡು ರಾಜಬೀದಿಗಳು ಊರ ನಡುವೆ ಒಂದನ್ನೊಂದು ಅಡ್ಡಹಾಯುತ್ತಿದ್ದವು. ಸಮುದ್ರದಿಂದ ಬರುವ ಸರಕಿಗಿಂತ ಕಾಲುವೆಗಳಗುಂಟ ಕೆರೆಗೆ ಬಂದಿಳಿಯುವ ಸರಕೇ ಹೆಚ್ಚೆಂದೂ, ಒಳಬರುವುದಕ್ಕಿಂತ ಹೊರಹೋಗುವದೇ ಹೆಚ್ಚೆಂದೂ ಅವನು ಲೆಕ್ಕ ಕೊಡುವನು. ಕೆಂಪು ಸಮುದ್ರದ ಒಂದು ಬಂದರಿನಿಂದ ೧೨೦ ಹಡಗುಗಳು ಹಿಂದುಸ್ಥಾನಕ್ಕೆ ಹೋಗಿಬರುತ್ತಿದ್ದುದನ್ನೂ ಅವನೇ ತಿಳಿದು ಬರೆದನು. ಆರೋಗ್ಯದ ವಿಷಯವನ್ನೂ ಆತನು ಬಿಟ್ಟಿಲ್ಲ: ಬೇಸಗೆಯಲ್ಲಿ ನೈಲ ನದಿಯ ನೆರೆಯು ಕೆರೆಯನ್ನು ತುಂಬುವದರಿಂದ ಕೆಸರಿನ ದುರ್ವಾಸನೆ ಏಳುವದಿಲ್ಲ, ಸಮುದ್ರದ ಮೇಲಿನಿಂದ ಬಡಗಣ ಗಾಳಿಯು ಬೀಸುವದರಿಂದ ಜನರು ಸುಖವಾಗಿ ಬೇಸಗೆ ಕಳೆಯುವರು ಎಂದಿರುವನು. ವೈಶಾಖದ ಬಿಸಿಲಿಗೆ ಕಾದ ಬಾದಾಮಿಯ ಬಂಡೆಗಳ ನಡುವೆ ಇರುಳು ಕಳೆದವರಿಗೆ ಈ ಮಾತಿನ ಸವಿಯು ಬೇಗ ತಿಳಿಯುವದು.

ಪಟ್ಟಣದ ಮುಂದಿನ ಫಾರೋಸ್ ನಡುಗಡ್ಡೆಯಲ್ಲಿ ಕ್ರಿ. ಪೂ. ೨೮೦ರ ಸುಮಾರಿಗೆ ಕಟ್ಟಿಸಿದ ದೀಪಸ್ತಂಭವು ಮುನ್ನೂರು ಅಡಿಗಳಿಗೂ ಎತ್ತರವಾಗಿದ್ದು, ಪ್ರಾಚೀನರ ಏಳು ಅದ್ಭುತಗಳಲ್ಲಿ ಒಂದೆನ್ನಿಸಿತ್ತು. ಇರುಳಿನಲ್ಲಿ ಅದರ ಬೆಂಕಿಯನ್ನು ಕಂಡ ನಾವಿಕನು ‘ಬದುಕಿದೆ’ ಎಂದು ಉಸಿರು ಬಿಡುತ್ತಿದ್ದನು.

ಈ ಪೇಟೆಯಲ್ಲಿ ನಮ್ಮವರೂ ಇದ್ದರೆ? ಇದ್ದರು. ಡಿಯೋ ಎಂಬ ಗ್ರೀಕ ವಾಗ್ಮಿಯು ಒಂದೆರಡನೆಯ ಶತಮಾನಗಳ ಸಂಧಿಯ ಆಸುಪಾಸಿನಲ್ಲಿ ಆ ಊರವರನ್ನು ಉದ್ದೇಶಿಸಿ ಮಾಡಿದ ಭಾಷಣವೊಂದರಲ್ಲಿ, ಅಲ್ಲಿ ನೆರೆದ ಜನರೊಳಗೆ ಸಿರಿಯದವರು, ಅರಬರು, ಪಾರಸೀಕರು ಇವರೊಡನೆ ಕೆಲವರು ಹಿಂದುಸ್ಥಾನದವರೂ ಕಾಣುತ್ತಾರೆಂದು ಹೇಳಿರುವನು. ಇದಕ್ಕಿಂತ ಕುತೂಹಲದ ಸಂಗತಿಯು ಇನ್ನೊಂದಿದೆ. ಈಜಿಪ್ತಿನ ಆಕ್ಸಿರಿಂಕಸ್ ಎಂಬಲ್ಲಿ ತಿಪ್ಪೆಗಳನ್ನು ಅಗೆದಾಗ ದೊರೆತ ಜೊಂಡುಹಾಳೆಗಳ ಪೈಕಿ ಎರಡನೆಯ ಶತಮಾನದ ಒಂದು ಗ್ರೀಕ ಪ್ರಹಸನವು ೧೯೦೩ರಲ್ಲಿ ಅಚ್ಚಾಯಿತು. ಕ್ಯಾರಿಟಿಯೊನ್ ಎಂಬ ಗ್ರೀಕ ಕನ್ಯೆಯು ಹಿಂದುಸ್ಥಾನದ ಕರಾವಳಿಯ ಅರಸನೊಬ್ಬನ ಕೈಗೆ ಸಿಕ್ಕಿರುವಾಗ, ಅವಳ ಅಣ್ಣನು ಬಂದು, ನೀರು ಬೆರೆಸದ ಮದ್ಯವನ್ನು ಕುಡಿಸಿ ಅರಸನನ್ನು ಮೈಮರೆಸಿ, ತಂಗಿಯನ್ನು ಬಿಡಿಸಿಕೊಂಡು ಹೋಗುವದೇ ಅದರ ಕಥೆ. ಆ ಅರಸನೂ ಅವನ ಪರಿವಾರವೂ ಆಡುವ ಮಾತುಗಳು ಗ್ರೀಕವಲ್ಲ. ಅವು ಕನ್ನಡವೆಂದು ಹುಲ್ಟ್ಜ್ಶ್ ಪಂಡಿತರು ೧೯೦೪ರಲ್ಲಿ ಸೂಚಿಸಿದರು, ಮೈಸೂರಿನ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಪಕ್ಷವನ್ನು ಎತ್ತಿಹಿಡಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲವಾದುದರಿಂದ ನಾವೂ ಹಿಗ್ಗಿನಲ್ಲಿ ಮೈಮರೆಯಬಾರದು. ಆದರೂ ನೋಡುವವರನ್ನು ನಗಿಸಲು ಹಿಂದುಸ್ಥಾನದ ಅರಸನೊಬ್ಬನನ್ನು ರಂಗಕ್ಕೆ ತಂದರೆಂದರೆ, ನಮ್ಮ ಕರಾವಳಿಯ ಸುದ್ದಿಯು ಆ ನಾಡಿನ ಸಾಮಾನ್ಯ ಜನರಿಗೂ ಹೊಸದಾಗಿರಲಿಲ್ಲವೆಂಬುದು ಸ್ಪಷ್ಟವು.

ಬಾದಾಮಿಗೂ ಅಲೆಕ್ಸಾಂಡ್ರಿಯಾಕ್ಕೂ ಒಂದೇ ಸಮಯದಲ್ಲಿ ದೆಸೆ ತಿರುಗಿದುದು ಇತಿಹಾಸದ ವಿಚಿತ್ರ. ಕ್ರಿ. ಶ. ೬೩೪ರಲ್ಲಿ ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿಯು ಇಮ್ಮಡಿ ಪುಲಿಕೇಶಿಯ ದಿಗ್ವಿಜಯವನ್ನು ಕೊರೆಯಿಸಿದನು. ೬೪೧ರ ಸುಮಾರಿನಲ್ಲಿ ಚೀನದ ಯಾತ್ರಿಕ ಹ್ಯುಯೆನ್ ತ್ಸಾಂಗನು ಈ ರಾಜ್ಯಕ್ಕೆ ಬಂದು, ಇಲ್ಲಿಯ ಜನರು ಉಪಕಾರವನ್ನು ಮರೆಯದವರು, ಅಪಮಾನವನ್ನು ಸಹಿಸದವರು, ಹಗೆ ತೀರಿಸುವ ಮುನ್ನವೂ ಎಚ್ಚರಿಕೆ ಕೊಡುವವರು ಎಂದು ಮೆಚ್ಚಿ ಬರೆದನು. ಮರು ವರುಷ, ೬೪೨ರಲ್ಲಿ, ಪಲ್ಲವರ ನರಸಿಂಹವರ್ಮನು ಬಾದಾಮಿಯನ್ನು ಹಿಡಿದನು. ಅವನ ಜಯದ ಬರಹವು ಅಲ್ಲಿಯ ಬಂಡೆಯ ಮೇಲೆ ಇನ್ನೂ ಇದೆ. ಅದೇ ೬೪೨ರಲ್ಲಿ ಗ್ರೀಕರ ದಂಡು ಅಲೆಕ್ಸಾಂಡ್ರಿಯಾವನ್ನು ತೆರವು ಮಾಡಿ, ಪಟ್ಟಣವು ಅರಬರ ವಶವಾಯಿತು. ಹನ್ನೆರಡು ವರುಷಗಳ ತರುವಾಯ ಚಾಲುಕ್ಯರು ತಮ್ಮ ರಾಜಧಾನಿಗೆ ತಿರುಗಿ ಬಂದರು; ಅಲೆಕ್ಸಾಂಡ್ರಿಯಾವು ಮಾತ್ರ ರಾಜಧಾನಿಯ ಪಟ್ಟವನ್ನು ಮರಳಿ ಪಡೆಯಲಿಲ್ಲ. ಪಟ್ಟ ಹೋದರೂ ಬಂದರು ಹೋಗಲಿಲ್ಲ. ನಮ್ಮ ಐಹೊಳೆಯದೂ ಹಾಗೆಯೇ ಅಲ್ಲವೆ? ಅರಸರು ಅಳಿದ ಮೇಲೂ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಹೆಸರು ಶತಮಾನಗಳವರೆಗೆ ದೇಶದೇಶಗಳಲ್ಲಿ ಓಡಾಡಿತು. ೧೦೮೮ರಲ್ಲಿ ಸುಮಾತ್ರಾ ದ್ವೀಪದಲ್ಲಿ ಕೂಡ ಅವರು ಶಾಸನ ಹಾಕಿಸಿದರು.

ಎರಡೂ ಕಡೆಯ ಬಂದರುಗಳನ್ನು ತನ್ನ ಕಣ್ಣಿನಿಂದ ಕಂಡು ತೂಗಿ ನೋಡಿದ ಪ್ರವಾಸಿಕನೆಂದರೆ ಇಬ್ನ ಬತೂತನು. ೧೩೨೬ರಲ್ಲಿ ಅವನು ಅಲೆಕ್ಸಾಂಡ್ರಿಯಾಕ್ಕೆ ಬಂದಾಗ ದೀಪಸ್ತಂಭದ ಒಂದು ಮುಖವು ಆಗಲೇ ಕುಸಿದಿತ್ತು. ೧೩೪೯ರಲ್ಲಿ ತಿರುಗಿ ಬಂದಾಗ ಒಳಗೆ ಕಾಲಿಡಲೂ ಬಾರದಷ್ಟು ಹಾಳಾಗಿತ್ತು. ಈ ನಡುವೆ ನಮ್ಮ ಹೊನ್ನಾವರಕ್ಕೂ ಬಂದು ಹೋದ ಅವನು, ಅಲ್ಲಿ ಗಂಡುಮಕ್ಕಳಿಗೆ ೨೩, ಹೆಣ್ಣುಮಕ್ಕಳಿಗೆ ೧೩ ಶಾಲೆಗಳಿದ್ದುದನ್ನು ಕಂಡು ಬೆರಗಾದನು; ಇಂಥದನ್ನು ಬೇರೆಲ್ಲಿಯೂ ನೋಡಿಲ್ಲವೆಂದು ಹೇಳಿದನು. ಅಲ್ಲಿಯ ಹೆಂಗಸರು ಹೊಲಿಯದ ಅರಿವೆಯ ಒಂದು ತುದಿಯನ್ನು ನಡುವಿಗೆ ಸುತ್ತಿ, ಉಳಿದುದನ್ನು ತಲೆ ಹೆಗಲುಗಳ ಮೇಲೆ ಹೊದೆಯುವರೆಂದೂ, ಮೂಗಿನಲ್ಲಿ ಬಂಗಾರದ ಉಂಗುರವನ್ನಿಡುವರೆಂದೂ ಬರೆದನು. ಸೀರೆಯುಟ್ಟು ನತ್ತನ್ನಿಟ್ಟ ನಮ್ಮ ಹೆಣ್ಣುಮಕ್ಕಳನ್ನು ಪರದೇಶಿಯೊಬ್ಬನು ಮರ್ಯಾದೆಯಿಂದ ಬಣ್ಣಿಸಿದ ಈ ಮಾತು ಓದುವದಕ್ಕೆ ಹಿತವಾಗಿದೆ. ಜಗತ್ತಿನಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಸಮನಾದ ಬಂದರುಗಳನ್ನು ಬೆರಳಿನ ಮೇಲೆ ಎಣಿಸುವಾಗ ಅವನು ಹಿಂದುಸ್ಥಾನದ ಕೊಲ್ಲಂ, ಕಲ್ಲಿಕೋಟೆಗಳನ್ನು ಎಣಿಸಿದುದೂ ಉಂಟು.

ಆಮೇಲಿನ ಸಂಬಂಧವು ಅರಳೆಯದು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕದಲ್ಲಿ ಒಳಯುದ್ಧ ನಡೆದು ಆ ದೇಶದ ಹತ್ತಿಯು ವಿಲಾಯತಿಯ ಗಿರಣಿಗಳಿಗೆ ಬರುವದು ನಿಂತಿತು. ಗಿರಣಿಯವರ ಕಣ್ಣು ಎರಡು ಕಡೆ ಹೊರಳಿತು: ಒಂದು ನೈಲ ನದಿಯ ಸೀಮೆ, ಇನ್ನೊಂದು ನಮ್ಮ ಎರೆಭೂಮಿ. ಅಲೆಕ್ಸಾಂಡ್ರಿಯಾದ ಧಕ್ಕೆಯ ಮೇಲೆ ಅರಳೆಯ ಅಂಡಿಗೆಗಳು ಗುಡ್ಡವಾದವು. ಗ್ರೀಕ, ಇಟಲಿ ಮುಂತಾದ ದೇಶಗಳ ದಲಾಲರು ಅಲ್ಲಿ ನೆರೆದು ಮಾಳಿಗೆಯ ಮೇಲೆ ಮಾಳಿಗೆ ಎಬ್ಬಿಸಿದರು. ಇತ್ತ ಧಾರವಾಡದ ಕಡೆಯ ಹತ್ತಿಯ ಬಂಡಿಗಳು ಘಟ್ಟವಿಳಿದು ಕುಮಟೆಗೆ ಸಾಲುಗಟ್ಟಿದವು. ‘ಕುಮಟಾ ಹತ್ತಿ’ ಎಂಬ ಹೆಸರು ಪರದೇಶದ ಪೇಟೆಗಳಲ್ಲಿ ನಡೆಯಿತು. ಯುದ್ಧವು ಮುಗಿದೊಡನೆ ಧಾರಣೆಯು ಧೊಪ್ಪನೆ ಬಿದ್ದಿತು. ಈಜಿಪ್ತಿನ ದೊರೆಯು ಮಾಡಿದ ಸಾಲ ಬೆಟ್ಟವಾಗಿ ೧೮೭೬ರಲ್ಲಿ ದಿವಾಳಿಯೆದ್ದನು. ಅದೇ ೧೮೭೬ರಲ್ಲಿ ನಮ್ಮಲ್ಲಿ ಮಳೆ ಹೋಗಿ, ಆಗ ಕಲಾದಗಿ ಜಿಲ್ಲೆಯೆನ್ನಿಸಿಕೊಂಡಿದ್ದ ಈ ನಾಡು ಘೋರವಾದ ಬರಕ್ಕೆ ತುತ್ತಾಯಿತು. ಅಲ್ಲಿ ಸಾಲವು ಸ್ವಾತಂತ್ರ್ಯವನ್ನು ನುಂಗಿತು: ೧೮೮೨ರ ಜುಲೈ ತಿಂಗಳಲ್ಲಿ ಇಂಗ್ಲಿಷರ ನೌಕೆಗಳು ಅಲೆಕ್ಸಾಂಡ್ರಿಯಾದ ಮೇಲೆ ತೋಪು ಹಾರಿಸಿದವು, ದೇಶವು ಅವರ ಕೈಸೇರಿತು. ದೂರದ ಸಂತೆಯ ಧಾರಣೆಯನ್ನು ನಂಬಿ ಮನೆಯ ಖರ್ಚು ಏರಿಸಬಾರದೆಂಬ ಪಾಠವನ್ನು ಗೃಹಸ್ಥರು ಇಲ್ಲಿಂದ ಕಲಿಯಬಹುದು.

ಇಂದಿನ ಅಲೆಕ್ಸಾಂಡ್ರಿಯಾದಲ್ಲಿ ಐವತ್ತು ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದಾರೆ. ಬಿಲ್ಲಿನಂತೆ ಬಾಗಿದ ಮೂಡಣ ಬಂದರಿನ ಅಂಚಿಗೆ ಉದ್ದವಾದ ದಂಡೆರಸ್ತೆ. ಅದರ ಒಂದು ತುದಿಗೆ, ದೀಪಸ್ತಂಭವು ಬಿದ್ದ ಜಾಗದಲ್ಲಿ, ೧೪೭೭ರಲ್ಲಿ ಸುಲ್ತಾನ ಕಾಯತಬಾಯಿಯು ಕಟ್ಟಿಸತೊಡಗಿದ ಕೋಟೆ. ಪ್ರಾಚೀನ ಗ್ರಂಥಾಲಯದ ನೆನಪಿಗೆ ೨೦೦೨ರಲ್ಲಿ ತೆರೆದ ಹೊಸ ಗ್ರಂಥಾಲಯದ ಗೋಡೆಯ ಮೇಲೆ ಜಗತ್ತಿನ ೧೨೦ ಲಿಪಿಗಳ ಅಕ್ಷರಗಳನ್ನು ಕೊರೆದಿರುವರು. ಇಲಕಲ್ಲಿನವರು ಹೋದರೆ ಎಲ್ಲಕ್ಕೂ ಮೊದಲು ಅವರ ಕಣ್ಣು ಕಲ್ಲಿನ ಮೇಲೆ ಬೀಳುವದರಲ್ಲಿ ಸಂದೇಹವಿಲ್ಲ. ರೋಮದ ಬಾದಶಹ ಡಯೊಕ್ಲೀಶಿಯನ್ನನ ಗೌರವಕ್ಕೆಂದು ಮೂರನೆಯ ಶತಮಾನದ ಕೊನೆಯ ಹೊತ್ತಿಗೆ ನಿಲ್ಲಿಸಿದ ಒಂದು ಕಂಬವು ಅಲ್ಲಿದೆ. ಜನರು ತಪ್ಪಾಗಿ ಅದನ್ನು ಪಾಂಪೆಯ ಕಂಬವೆನ್ನುವರು. ಅರವತ್ತು ಅಡಿಗಳಿಗೂ ಉದ್ದವಾದ ಅದರ ನಡುಗಂಬವು ಆಸ್ವಾನದ ಕೆಂಪು ಬೆಣಚುಕಲ್ಲಿನ ಒಂದೇ ಅಖಂಡ ಬಂಡೆ. ತಮ್ಮೂರ ಕೆಂಪು ಕಲ್ಲು ಹಡಗು ಹತ್ತಿ ದೇಶಾಂತರ ಹೋಗುವದನ್ನು ಕಂಡವರು ಅದರ ಮುಂದೆ ನಿಂತು, ‘ಇದು ನಮ್ಮ ಕಲ್ಲಿನ ಅಣ್ಣತಮ್ಮನೇ ಸರಿ’ ಎಂದಾರು.

ಆದರೆ ಆ ಪಟ್ಟಣದ ಬಹುಮುಖ್ಯ ಭಾಗವು ಕಾಣುವಂತಿಲ್ಲ. ಕ್ಲಿಯೋಪಾತ್ರಾ ರಾಣಿಯ ಅರಮನೆಯಿದ್ದ ಕೇರಿಯು ಭೂಕಂಪಗಳಿಂದಲೂ ನೆಲದ ಕುಸಿತದಿಂದಲೂ ಸಮುದ್ರದ ಪಾಲಾಗಿ ಹೋಯಿತು. ೧೯೯೪ರಿಂದೀಚೆಗೆ ಮುಳುಗಾರರಾದ ಸಂಶೋಧಕರು ಕೋಟೆಯ ಬದಿಯಲ್ಲಿ ಸಾವಿರಾರು ಕಲ್ಲುಗಳನ್ನೂ ಮೂರ್ತಿಗಳನ್ನೂ ಗುರುತಿಸಿದರು; ೧೯೯೬ರಿಂದ ಮೂಡಣ ಬಂದರಿನ ತಳದಲ್ಲಿ ಅರಮನೆಯ ಕೇರಿಯ ನಕಾಶೆಯನ್ನು ತೆಗೆದರು. ಸ್ಟ್ರಾಬೋನು ಬರೆದಿಟ್ಟ ಮಾತು ಕೈದೀಪವಾಗಿ ಅವರ ಮುಂದಿತ್ತು. ಅವನು ಬರೆಯದೆ ಹೋಗಿದ್ದರೆ ತಳದಲ್ಲಿ ಸಿಕ್ಕ ಕಲ್ಲು ಬರಿಯ ಕಲ್ಲಾಗಿಯೇ ಇರುತ್ತಿತ್ತು.

ಇದನ್ನು ಓದುವಾಗ ಬಾಗಲಕೋಟೆಯವರ ಎದೆಯಲ್ಲಿ ಏನೋ ಚುಚ್ಚಿದಂತಾಗದೆ ಇರದು. ೧೯೬೪ರಲ್ಲಿ ಲಾಲಬಹಾದುರ ಶಾಸ್ತ್ರಿಗಳು ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಅಣೆಯು ಎದ್ದಂತೆ ಕೃಷ್ಣೆಯ ಹಿನ್ನೀರು ಘಟಪ್ರಭೆಯಗುಂಟ ಏರಿ ಬಂದು, ಊರಿನ ತಗ್ಗಿನ ಓಣಿಗಳನ್ನು ನುಂಗಿತು. ಜನರು ನವನಗರಕ್ಕೆ ಸಂಸಾರ ಎತ್ತಿದರು. ಬಾಯಾರಿದ ಹೊಲಗಳಿಗೆ ನೀರು ಬಂದುದು ದೊಡ್ಡ ಉಪಕಾರವೇ ಹೌದು. ಆದರೆ ಆ ಉಪಕಾರದ ಬೆಲೆಯನ್ನು ತೆತ್ತವರು ಇವರು. ಹುನಗುಂದದ ಸೀಮೆಯ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ನಾರಾಯಣಪುರದ ಹಿನ್ನೀರಿನಿಂದ ಕಾಯ್ದುಕೊಂಡರು. ಮನೆಮನೆಯ ಪಡಸಾಲೆಗೂ, ಅಜ್ಜಿಯ ತುಳಸಿಕಟ್ಟೆಗೂ, ಮಕ್ಕಳು ಈಜು ಕಲಿತ ಬಾವಿಗೂ ಅಂಥ ಗೋಡೆ ಕಟ್ಟುವದು ಯಾರಿಂದಲೂ ಸಾಧ್ಯವಿರಲಿಲ್ಲ.

ಕಟ್ಟಲಾಗದ್ದನ್ನು ಬರೆದಾದರೂ ಇಡಬಹುದಲ್ಲವೆ? ಕಿಲ್ಲೆ, ಹಳೆಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳು ಹೋಳಿಯ ಬಣ್ಣದ ಬಂಡಿಗಳೊಡನೆ ಇನ್ನೂ ಬಾಯಲ್ಲಿ ಇವೆ. ಆದರೆ ಯಾವ ಓಣಿಯ ತಿರುವಿನಲ್ಲಿ ಯಾವ ಗುಡಿಯಿತ್ತು, ನದಿಗೆ ಇಳಿಯುವ ಮೆಟ್ಟಿಲು ಎಲ್ಲಿದ್ದವು, ಯಾರ ಕಟ್ಟೆಯ ಮೇಲೆ ಸಂಜೆಗೆ ಹರಟೆ ಕೂಡುತ್ತಿತ್ತು ಎಂಬುದನ್ನು ಬಲ್ಲ ಹಿರಿಯರು ವರುಷವರುಷಕ್ಕೆ ಕಡಿಮೆಯಾಗುತ್ತಿರುವರು. ಅವರನ್ನು ಕೂಡಿಸಿಕೊಂಡು, ಒಂದು ದೊಡ್ಡ ಹಾಳೆಯ ಮೇಲೆ ಓಣಿಯ ಗೆರೆಗಳನ್ನು ಎಳೆದು, ಹೆಸರುಗಳನ್ನು ತುಂಬಿಸಿಕೊಳ್ಳುವ ಕೆಲಸಕ್ಕೆ ಸರಕಾರದ ಹಣವೂ ಬೇಡ, ಪಂಡಿತರೂ ಬೇಡ. ಶಾಲೆಗೆ ಹೋಗುವ ಒಂದು ಮಗು ಸಾಕು.

ಇಲಕಲ್ಲ ಸೀರೆಯನ್ನು ನೇಯುವಾಗ ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವರು. ಹಾಸಿನ ಕೆಲಸದಲ್ಲಿ ನುರಿತ ಕೈಗಳಿಗೂ ಅದು ತಾಳ್ಮೆಯ ಕೆಲಸ. ಕೊಂಡಿಯೊಂದು ತಪ್ಪಿದರೆ ಅಲ್ಲಿ ಸೆರಗು ಮೈಯಿಂದ ಬಿಡುವದು. ಹಿರಿಯರ ನೆನಪಿಗೂ ಮಕ್ಕಳ ಬಾಳಿಗೂ ನಡುವೆ ಬೇಕಾದ ಕೊಂಡಿಯು ಇಂಥದೇ. ಹಿಂದೊಮ್ಮೆ ಹೆಸರಿಲ್ಲದ ವರ್ತಕನೊಬ್ಬನು ಸಮುದ್ರದಾಚೆಯ ಪಟ್ಟಣದಲ್ಲಿ ನಮ್ಮೂರಿನ ಹೆಸರು ಹೇಳಿದನು, ಕೇಳಿದವನು ಬರೆದಿಟ್ಟನು. ಸಾವಿರದ ಎಂಟುನೂರು ವರುಷಗಳ ಮೇಲೆ ನಾವು ಅದನ್ನು ಓದಿ ಹಿಗ್ಗುತ್ತಿರುವೆವು. ಈ ದೀಪಾವಳಿಗೆ ಅಜ್ಜನ ಬಳಿ ಕುಳಿತಾಗ ನಮ್ಮ ಮಕ್ಕಳು ಕೇಳಲಿ, ಅಜ್ಜನು ಹೇಳಲಿ, ಯಾರಾದರೊಬ್ಬರು ಬರೆದುಕೊಳ್ಳಲಿ.